ಹೊತ್ತು ತಂದ ನೀರು

ಸಾಲಿನ ಕೊನೆಯಲ್ಲಿ ನಡೆಯುವ ಕೆಲಸವನ್ನು ನಿರ್ಮಲ ತಾನಾಗಿಯೇ ಕೇಳಿ ಪಡೆದಿದ್ದಳು. ಮುಂದೆ ನಡೆದರೆ ಹುಡುಗಿಯರ ಕಣ್ಣೆಲ್ಲ ತನ್ನ ಬೆನ್ನ ಮೇಲೆ; ಸೀರೆಯನ್ನು ಎಷ್ಟು ಮೇಲಕ್ಕೆ ಸಿಕ್ಕಿಸಿದ್ದಾಳೆ, ಕಲ್ಲಿನ ಮೇಲೆ ಪಾದ ಹೇಗೆ ಊರುತ್ತಾಳೆ, ಏದುಸಿರು ಬಿಡುತ್ತಾಳೋ ಇಲ್ಲವೋ ಎಂದು ನೋಡುತ್ತಲೇ ಇರುತ್ತಾರೆ. ಕೊನೆಯಲ್ಲಿದ್ದರೆ ನೋಡುವವಳು ತಾನು. ಅವಳಿಗೆ ಹೆಚ್ಚಿನ ಭಯವಿದ್ದದ್ದು ತನ್ನ ಪಾದಗಳದ್ದೇ. ಕ್ಯಾನ್‌ವಾಸ್ ಶೂ ತೊಟ್ಟಿದ್ದರೂ ಗುಡ್ಡ ಸಿಕ್ಕಿದ ಕೂಡಲೇ ಅವು ಅವಳನ್ನು ಕೇಳದೆ ಹಳೆಯ ನಡಿಗೆಗೆ ಮರಳುತ್ತಿದ್ದವು. ಬೆರಳನ್ನು ಮೊದಲು ಊರಿ, ಓರೆಯಾಗಿ ಹತ್ತಿ, ಸಡಿಲವಾದ ಕಲ್ಲನ್ನು ನೋಡದೆಯೇ ದಾಟಿಬಿಡುತ್ತಿದ್ದವು. ದುರ್ಗದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮೇಡಂ ಹಾಗೆ ಗುಡ್ಡ ಹತ್ತಬಾರದು. ಆಗಾಗ ಬೇಕೆಂದೇ ಎಡವುತ್ತಿದ್ದಳು. ಮುಂದಿನ ಹುಡುಗಿ ತಿರುಗಿ ‘ಹುಷಾರು ಮೇಡಂ’ ಅಂದರೆ ಮನಸ್ಸಿಗೆ ಸಮಾಧಾನವಾಗುತ್ತಿತ್ತು.

ಬೇಸಿಗೆ ಶಿಬಿರ ಹಿರಿಯೂರಿನ ಶಾಲೆಯೊಂದರಲ್ಲಿ ನಡೆದಿತ್ತು. ದುರ್ಗ, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದಲೂ ಹೈಸ್ಕೂಲು ಹುಡುಗಿಯರು ಬಂದಿದ್ದರು. ಕವಾಯಿತು, ಹೊಲಿಗೆ, ಪ್ರಥಮ ಚಿಕಿತ್ಸೆ ಎಲ್ಲ ಮುಗಿದು ಕಡೆಯದಾಗಿ ಕೋಡುಗಲ್ಲು ಗುಡ್ಡ ಹತ್ತಿ ಒಂದು ರಾತ್ರಿ ಮೇಲಿನ ಮಂಟಪದಲ್ಲಿ ಮಲಗಿ ಬರುವುದು. ಮುಂದುಗಡೆ ಶಿಬಿರದ ಮುಖ್ಯಸ್ಥರಾದ ಶಿವಕುಮಾರಪ್ಪ ಮೇಷ್ಟ್ರು ಕೊರಳಲ್ಲಿ ವಿಷಲ್ ತೂಗಿಸಿಕೊಂಡು, ನಿವೃತ್ತಿಗೆ ಹತ್ತಿರವಾದ ಮೊಣಕಾಲುಗಳನ್ನು ಕೈಯಿಂದ ಒತ್ತಿ ಒತ್ತಿ ಹತ್ತುತ್ತಿದ್ದರು. ಅವರ ಪಕ್ಕದಲ್ಲಿ ಮಚ್ಚು ಹಿಡಿದ ಕಾಡು ಕಾವಲಿನ ಮೂರ್ತಪ್ಪ. ನಡುವೆ ಪಾತ್ರೆಯ ಮೂಟೆ ಹೊತ್ತ ಅಡುಗೆಯ ಚಂದ್ರಕ್ಕ. ಮೇಲೆ ಬಂಡೆಯ ಹೊಂಡವಾದ ದೊಣೆಯಲ್ಲಿ ನೀರಿದ್ದರೂ ಬೇಸಿಗೆಗೆ ಪಾಚಿಗಟ್ಟಿರುತ್ತದೆಂದು ಕುಡಿಯುವ ನೀರನ್ನು ಕೆಳಗಿನ ಬೋರಿನಿಂದಲೇ ತುಂಬಿಸಿ, ಹುಡುಗಿಯರು ಸರದಿಯ ಮೇಲೆ ಅಲ್ಯುಮಿನಿಯಂ ಕ್ಯಾನುಗಳಲ್ಲಿ ಹೊರುತ್ತಿದ್ದರು. ಬೋದೆ ಹುಲ್ಲು ಒಣಗಿ ಬಿಳಿಚಿತ್ತು. ಎಲೆಯುದುರಿದ ಕಮರದ ಮರಗಳ ನಡುವೆ ಬಿಸಿಲು ನಿಂತೇ ಇತ್ತು.

ಎರಡನೇ ತಿರುವಿನಲ್ಲಿ ಚಿತ್ತಮ್ಮ ಕ್ಯಾನನ್ನು ಕೆಳಗಿಟ್ಟು ನಿಂತಿದ್ದಳು. ಯಲ್ಲದಕೆರೆ ಕಡೆಯ, ಕುರಿ ಸಾಕುವವರ ಒಂದು ಹಟ್ಟಿಯ ಹುಡುಗಿ, ಒಂಬತ್ತನೇ ತರಗತಿ, ಶಿಬಿರಕ್ಕೆ ಬಂದವರಲ್ಲಿ ಟ್ರಂಕು ಹಾಸಿಗೆ ಇಲ್ಲದೆ ಒಂದು ಕರಿ ಕಂಬಳಿಯಲ್ಲಿ ಬಟ್ಟೆ ಸುತ್ತಿಕೊಂಡು ಬಂದವಳು ಅವಳೊಬ್ಬಳೇ. ಇಷ್ಟು ಹೊತ್ತೂ ಎಲ್ಲರಿಗಿಂತ ಮುಂದೆ, ಕ್ಯಾನು ತುಂಬಿದೆಯೆಂಬುದೇ ಗೊತ್ತಾಗದಂತೆ ನಡೆದಿದ್ದಳು. ಈಗ ಎಲ್ಲರನ್ನೂ ಮುಂದೆ ಹೋಗಗೊಟ್ಟು ನಿರ್ಮಲಳಿಗಾಗಿಯೇ ಕಾದು ನಿಂತಿದ್ದಾಳೆ ಎನ್ನುವುದು ದೂರದಿಂದಲೇ ತಿಳಿಯುತ್ತಿತ್ತು. ನಿರ್ಮಲ ಹೆಜ್ಜೆ ನಿಧಾನ ಮಾಡಿದಳು.

“ಮೇಡಂ, ಈ ಕ್ಯಾನು ಬ್ಯಾರೆ ಯಾರಿಗಾದ್ರೂ ಕೊಡ್ರಿ.”

“ಯಾಕೆ, ಸುಸ್ತಾಯಿತಾ?”

“ಸುಸ್ತಲ್ಲ ಮೇಡಂ.” ಹುಡುಗಿ ಹಿಂದೆ ಮುಂದೆ ನೋಡಿ ದನಿ ಇಳಿಸಿದಳು. “ನಾ ಇದನ್ನ ಮುಟ್ಟಂಗಿಲ್ಲ. ಹೊರಗಾಗೀನಿ. ಈಗ ಅಲ್ಲಿ, ಹತ್ತತಾ ಇದ್ದಂಗೆ ಗೊತ್ತಾತು. ಮ್ಯಾಲೆ ಸ್ವಾಮಿ ಮಂಟಪ ಅಂತಾರೆ. ನಾ ಕೆಳಗೇ ಎಲ್ಲಾರ ಕುಂತ್ಕಂತೀನಿ. ನಿಮಗೆ ಗೊತ್ತಲ್ಲ ಮೇಡಂ.”

ನಿಮಗೆ ಗೊತ್ತಲ್ಲ ಎಂಬ ಮಾತು ಅವಳಿಗೆ ಎಲ್ಲಕ್ಕಿಂತ ಹೆಚ್ಚಾಗಿ ನಾಟಿತು. ಹೆಂಗಸಾದ್ದರಿಂದ ನಿಮಗೆ ಗೊತ್ತಲ್ಲ ಎಂದಿದ್ದರೆ ಆಗುತ್ತಿತ್ತು. ಆದರೆ ಹುಡುಗಿ ಹೇಳಿದ ರೀತಿ ಬೇರೆ. ಶಿಬಿರದ ಮೊದಲನೇ ಬೆಳಗ್ಗೆ ಶಾಲೆಯ ಮುಂದೆ ಕುರಿಮಂದೆಯೊಂದು ಹೋಗುತ್ತಿದ್ದಾಗ ಒಂದು ಮರಿ ದಿಕ್ಕೆಟ್ಟು ಬಯಲಿಗೆ ಓಡಿ ಬಂದಿತ್ತು. ಎಲ್ಲ ಹುಡುಗಿಯರೂ ಅಯ್ಯೋ ಪಾಪ ಎಂದು ಕೂಗುವಾಗ ನಿರ್ಮಲಳ ನಾಲಿಗೆ ತನ್ನಷ್ಟಕ್ಕೆ ಅಂಗುಳಕ್ಕೆ ಬಡಿದು ಹುರ್ರ್ ಎಂದು ಒಂದು ದನಿ ಹೊರಡಿಸಿತು. ಮರಿ ತಟ್ಟನೆ ನಿಂತು ತಾಯಿಯ ಕಡೆ ತಿರುಗಿತು. ಆ ದನಿ ಯಾರಿಗೂ ಕೇಳಲಿಲ್ಲ, ಚಿತ್ತಮ್ಮನಿಗೆ ಬಿಟ್ಟು. ಮಧ್ಯಾಹ್ನ ಊಟದ ಸಾಲಿನಲ್ಲಿ ಪಕ್ಕಕ್ಕೆ ಬಂದು, ಗುಟ್ಟೊಂದನ್ನು ಹಂಚಿಕೊಳ್ಳುವವಳ ಹಾಗೆ ಹಲ್ಲು ಕಾಣಿಸಿ, “ನಿಮ್ದು ಯಾವ ಹಟ್ಟಿ ಮೇಡಂ?” ಎಂದಿದ್ದಳು. “ನಂದು ದುರ್ಗ” ಎಂದಿದ್ದಳು ನಿರ್ಮಲ, ತಟ್ಟೆಯಿಂದ ತಲೆಯೆತ್ತದೆ. ಆಮೇಲೆ ಹುಡುಗಿ ಕೇಳಿರಲಿಲ್ಲ. ಆದರೆ ಅವಳ ನೋಟ ಆಗಾಗ ಬಂದು ಕೂರುತ್ತಿತ್ತು, ಬಾಗಿಲು ತೆರೆಯಲೆಂದು ಹೊರಗೆ ಕಾಯುವವರ ಹಾಗೆ.

ತಿರುವಿನ ಮೇಲಿನಿಂದ ಅನಸೂಯ ಇಣುಕಿದಳು. ಹೊಸದುರ್ಗದ ಜವಳಿ ಅಂಗಡಿಯವರ ಮಗಳು. ಶಿಬಿರದಲ್ಲಿ ಹಾಡು, ನಗೆ, ಚಾಡಿ ಎಲ್ಲದಕ್ಕೂ ಅವಳೇ ಮುಂದು.

“ಏನ್ ಮೇಡಂ, ನಮ್ಮ ಹಟ್ಟಿ ಮಹಾರಾಣಿಗೆ ಕಾಲು ನೋವಂತಾ? ದಿನಾ ಕುರಿ ಹಿಂದೆ ಓಡೋರಿಗೂ ಸುಸ್ತಾಗುತ್ತಾ? ಪಲ್ಲಕ್ಕಿ ತರ್ಸಾಣೇನು?”

ಅವಳ ಹಿಂದೆ ಇನ್ನಿಬ್ಬರು ನಕ್ಕರು. ಆ ನಗು ನಿರ್ಮಲಳಿಗೆ ಹೊಸದಲ್ಲ. ದುರ್ಗದ ಹಾಸ್ಟೆಲ್ಲಿನ ಹಿತ್ತಲು, ಕೊರೆಯುವ ಚಳಿ, ಒಗೆಯುವ ಕಲ್ಲಿನ ಪಕ್ಕ ಮುದುರಿ ಕೂತ ಎಂಟನೇ ತರಗತಿಯ ಹುಡುಗಿ. ಹೊರಗಾದರೆ ಹೊರಗೇ ಕೂರಬೇಕೆಂಬುದು ಬಿಟ್ಟು ಬೇರೇನೂ ತಿಳಿಯದೆ, ಯಾರಿಗೂ ಹೇಳದೆ ಹೋಗಿ ಕೂತಿದ್ದಳು. ಬೆಳಗ್ಗೆ ವಾರ್ಡನ್ನು ಹಲ್ಲುಜ್ಜುತ್ತಾ ಬಂದವರು ನೋಡಿ, ‘ಬನ್ರೇ ಎಲ್ಲಾ, ಹಟ್ಟಿ ದೇವ್ರು ಇಲ್ಲಿ ತಪಸ್ಸಿಗೆ ಕೂತೈತೆ’ ಎಂದು ಕರೆದರು. ಎಲ್ಲರೂ ಬಂದು ನೋಡಿದರು. ವರ್ಷವೆಲ್ಲ ಅವಳ ಹೆಸರು ತಪಸ್ಸು. ಆ ವರ್ಷವೇ ಅವಳು ಐತೆ ಎನ್ನುವುದನ್ನು ಬಿಟ್ಟು ಇದೆ ಎನ್ನಲು ಕಲಿತಳು. ಮನೆಯಲ್ಲಿ ಎಲ್ಲರೂ ಕೂಗುತ್ತಿದ್ದ ನಿಂಗಕ್ಕ ಎಂಬ ಹೆಸರನ್ನು ಯಾರಿಗೂ ಹೇಳದೆ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ನಿರ್ಮಲ ಎಂಬುದರೊಳಗೆ ಪೂರ್ತಿಯಾಗಿ ಸೇರಿಕೊಂಡಳು.

“ಚಿತ್ತಮ್ಮ, ಇದು ಶಿಬಿರ,” ಎಂದಳು ನಿರ್ಮಲ, ಮೇಲಿದ್ದವರಿಗೂ ಕೇಳುವಂತೆ. “ಇಲ್ಲಿ ಅವೆಲ್ಲ ಇಲ್ಲ. ಸೋಮಾರಿತನ ಬಿಟ್ಟು ಎತ್ತಿಕೊಂಡು ನಡಿ.”

ಹುಡುಗಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಬಾಗಿ ಕ್ಯಾನಿನ ಹಿಡಿಯನ್ನು ಲಂಗದ ಅಂಚಿನಿಂದ ಸುತ್ತಿ, ಬರಿಗೈ ತಾಗದಂತೆ ಎತ್ತಿಕೊಂಡು ಹತ್ತಿದಳು. ತಾನು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ನಿರ್ಮಲ ದಾರಿಯುದ್ದಕ್ಕೂ ತನ್ನನ್ನೇ ಕೇಳಿಕೊಂಡಳು. ದೇಹದ ಸಹಜ ಕ್ರಿಯೆ. ಮೈಲಿಗೆಯೆಂಬುದು ಅಜ್ಞಾನ. ಮೇಡಂ ಆದವಳು ಹೇಳಬೇಕಾದ್ದೇ ಅದು. ಆದರೆ ಅದನ್ನು ಹೇಳಬೇಕಾದವಳು ಹುಡುಗಿಯನ್ನು ಪಕ್ಕಕ್ಕೆ ಕರೆದು, ಬಟ್ಟೆ ಇದೆಯೇ ಎಂದು ಕೇಳಿ, ಬೆನ್ನು ಸವರಿ ಹೇಳುತ್ತಿದ್ದಳು. ತನ್ನ ತರಗತಿಯಲ್ಲಿ ಆ ಪಾಠ ಬಂದಾಗ ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ತಿರುವಿಸುವವಳಿಗೆ ಇವತ್ತು ಮಾತ್ರ ವಿಜ್ಞಾನ ಎಲ್ಲಿಂದ ನೆನಪಾಯಿತು?

ಮಂಟಪ ಸಣ್ಣದು, ನಾಲ್ಕು ಕಂಬ, ಒಳಗೆ ಕುಂಕುಮ ಮೆತ್ತಿದ ಒಂದು ಗುಂಡುಕಲ್ಲು, ಮುಂದೆ ಎಲ್ಲರೂ ಮಲಗಬಹುದಾದಷ್ಟು ಹಾಸುಬಂಡೆ. ಹುಡುಗಿಯರು ದಬದಬನೆ ಬಂಡೆಯ ಮೇಲೆ ಬಿದ್ದು ನೀರು ನೀರು ಎಂದರು. ಶಿವಕುಮಾರಪ್ಪನವರು ಕೈ ಅಡ್ಡ ಹಿಡಿದರು.

“ತಡೀರವ್ವಾ. ಮನೆಗೆ ಬಂದೋರು ಯಜಮಾನಂಗೆ ಕೊಡದೆ ಕುಡಿತೀರಾ? ಮೊದ್ಲು ಸ್ವಾಮಿಗೆ. ಬಾಯಿ ತೆಗೀದೆ ಇರೋ ಕ್ಯಾನು ಯಾರತ್ರ ಐತೆ?”

ಬಾಯಿ ತೆಗೆಯದ ಕ್ಯಾನು ಒಂದೇ ಇತ್ತು. ಚಿತ್ತಮ್ಮ ಬಂಡೆಯ ಅಂಚಿನಲ್ಲಿ, ನೆರಳು ಕೂಡ ಮಂಟಪದ ಕಡೆ ಬೀಳದಂತೆ ನಿಂತಿದ್ದಳು. ಮೇಷ್ಟ್ರು ತಾವೇ ಹೋಗಿ ಎತ್ತಿಕೊಂಡರು. “ಜಾಣೆ ಕಣವ್ವ ನೀನು. ಒಂದು ಹನಿ ಚೆಲ್ಲಿಲ್ಲ ನೋಡು.” ಹುಡುಗಿಯ ಬಾಯಿ ತೆರೆಯಿತು. ಅವಳ ಕಣ್ಣು ಮೇಷ್ಟ್ರನ್ನು ದಾಟಿ ಸೀದಾ ನಿರ್ಮಲಳಲ್ಲಿಗೆ ಬಂತು. ಈಗಲಾದರೂ ಹೇಳ್ರಿ ಮೇಡಂ. ಒಂದು ಮಾತು ಸಾಕಿತ್ತು; ಆ ನೀರು ಬೇಡ ಸಾರ್, ಬಿಸಿಲಿಗೆ ಕಾದಿದೆ ಎಂದಿದ್ದರೂ ಸಾಕಿತ್ತು. ನಿರ್ಮಲ ಶೂವಿನ ದಾರ ಬಿಚ್ಚಲು ಬಾಗಿದಳು. ಕಲ್ಲಿನ ಮೇಲೆ ನೀರು ಬೀಳುವ ಸದ್ದು, ಮೇಷ್ಟ್ರ ಗೊಣಗಿನಂಥ ಮಂತ್ರ, ಹುಡುಗಿಯರ ಪಿಸುನಗು ಕೇಳಿಸಿದವು. ಆಮೇಲೆ ತೀರ್ಥವೆಂದು ಅಂಗೈಗೆ ಬಂದ ನೀರನ್ನು ಎಲ್ಲರಂತೆ ಕುಡಿದು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡಳು. ತಲೆಯೆತ್ತಿದಾಗ ಬಂಡೆಯ ಅಂಚು ಬರಿದಾಗಿತ್ತು.

ಹೊರಕಡೆಗೆ ಹೋಗಿರಬೇಕು ಎಂದುಕೊಂಡಳು. ಹಾಸಿಗೆಗಳನ್ನು ಬಿಚ್ಚಿಸುತ್ತಾ, ಯಾರ ಪಕ್ಕ ಯಾರು ಎಂಬ ಜಗಳ ತೀರಿಸುತ್ತಾ, ಕರಿ ಕಂಬಳಿಯೂ ಇಲ್ಲವೆಂಬುದನ್ನು ನೋಡಿದಳು. ನೋಡಿಯೂ ಮಂಟಪದ ಹಿಂದೆ ಒಮ್ಮೆ ಸುತ್ತಿ ಬಂದಳು, ಇಲ್ಲವೆಂದು ಖಚಿತ ಮಾಡಿಕೊಳ್ಳಲೋ ಹುಡುಕಿದೆನೆಂದು ಹೇಳಿಕೊಳ್ಳಲೋ ಅವಳಿಗೇ ತಿಳಿಯದು. ಚಂದ್ರಕ್ಕ ಒಲೆ ಹೂಡಿದ್ದಳು. ಉಪ್ಪಿಟ್ಟಿನ ರವೆಯ ವಾಸನೆ ಏಳುತ್ತಿತ್ತು. ಸೂರ್ಯ ಕಣಿವೆಯ ಆಚೆಯ ಗುಡ್ಡಗಳ ಮೇಲೆ ಕೂತಿದ್ದ.

“ಮೇಡಂ, ಮಕ್ಕಳೆಲ್ಲಾ ಸರಿ ಅದಾರಾ? ನೋಡಿದ್ರಾ?” ಶಿವಕುಮಾರಪ್ಪನವರು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೇಳಿದರು.

“ಎಲ್ಲಾ ಇದ್ದಾರೆ ಸಾರ್.”

ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಹೆದರಿಕೆಯಾಯಿತು. ಇಲ್ಲ ಎಂದರೆ ಯಾರಿಲ್ಲ ಎನ್ನುತ್ತಾರೆ. ಯಾರೆಂದರೆ ಯಾಕೆ ಹೋದಳು ಎನ್ನುತ್ತಾರೆ. ಯಾಕೆಂದರೆ ನಿಮಗೆ ಹೇಗೆ ಗೊತ್ತು ಎನ್ನುತ್ತಾರೆ. ಅಷ್ಟರಲ್ಲಿ ತಾನೇ ಹೋಗಿ ಕರೆದುಕೊಂಡು ಬಂದುಬಿಡಬಹುದು ಎಂದುಕೊಂಡಳು. ಹೋಗಲು ಎದ್ದಾಗ ಮೂರ್ತಪ್ಪ ಕೆಳಗಿನ ದಾರಿಗೆ ಬೆನ್ನು ಕೊಟ್ಟು ಬೀಡಿ ಹಚ್ಚುತ್ತಾ ಹುಡುಗಿಯರಿಗೆ ಹೇಳುತ್ತಿದ್ದ.

“ಈ ಕಡೆ ಯಾರೂ ಇಳೀಬ್ಯಾಡ್ರಿ ಕಣ್ರವ್ವ. ಇಪ್ಪೆ ಹೂ ಬಿದ್ದೈತೆ. ಸಂಜಿಯಾತು ಅಂದ್ರೆ ಕರಡಿ ಬತ್ತವೆ. ಹೂ ತಿಂದು ಅಮಲೇರಿದ್ರೆ ಅವಕ್ಕೆ ನಾನೂ ಒಂದೇ, ನಿಮ್ ಮೇಷ್ಟ್ರೂ ಒಂದೇ.”

ಹುಡುಗಿಯರು ಕಿರುಚಿ ನಕ್ಕರು. ನಿರ್ಮಲ ಕೂತುಬಿಟ್ಟಳು.

ಊಟಕ್ಕೆ ತಟ್ಟೆ ಹಂಚುವಾಗ ಒಂದು ತಟ್ಟೆ ಉಳಿಯಿತು. ಚಂದ್ರಕ್ಕ ಅದನ್ನು ಎತ್ತಿ ಹಿಡಿದು ಇದು ಯಾರ್ದು ಎನ್ನುತ್ತಿದ್ದಂತೆ ಅನಸೂಯ, “ಅಯ್ಯೋ, ಚಿತ್ತಮ್ಮ ಎಲ್ಲಿ ಮೇಡಂ?” ಎಂದಳು. ಮೇಷ್ಟ್ರು ನಿರ್ಮಲಳನ್ನು ನೋಡಿದರು. ಬಯ್ಯುವ ನೋಟವಲ್ಲ, ಅರ್ಥವಾಗದವರ ನೋಟ. “ಅದಾರೆ ಅಂದ್ರಲ್ಲ ಮೇಡಂ?” ನಿರ್ಮಲ, ಆಗ ಇದ್ದಳು ಸಾರ್ ಎಂದಳು. ಎರಡನೇ ಸುಳ್ಳು. ವಿಷಲ್ ಊದಿದರು. ಹೆಸರು ಹಿಡಿದು ಕೂಗಿದರು. ಕೂಗು ಎದುರಿನ ಗುಡ್ಡಕ್ಕೆ ಬಡಿದು ಚಿತ್ತಮ್ಮಾ ಎಂದು ಬೇರೆ ಯಾರೋ ಕರೆದಂತೆ ಮರಳಿತು. ಉತ್ತರ ಬರಲಿಲ್ಲ. ಹೊರಗೆ ಕೂತವಳು ಸ್ವಾಮಿಯ ಮಂಟಪದಿಂದ ಕೂಗಿದವರಿಗೆ ಓಗೊಡುವುದಿಲ್ಲ. ಅದು ಅಲ್ಲಿ ನಿಂತವರಲ್ಲಿ ನಿರ್ಮಲಳಿಗೊಬ್ಬಳಿಗೇ ಗೊತ್ತಿತ್ತು.

“ದೊಣೆ!” ಎಂದಳು ಅನಸೂಯ, ಅಳು ಬೆರೆತ ದನಿಯಲ್ಲಿ. “ನೀರಿಗೆ ಹೋಗಬೇಕು, ಬಟ್ಟೆ ಒಗೀಬೇಕು ಅಂತಿದ್ಲು ಸಾರ್, ದಾರೀಲಿ. ನಾನೇ ತಮಾಷೆ ಮಾಡಿದೆ.”

ದೊಣೆ ಮಂಟಪದ ಮೇಲುಗಡೆ, ಎರಡು ಬಂಡೆಗಳ ನಡುವಿನ ಸಂದಿಯಲ್ಲಿತ್ತು. ಮೂರ್ತಪ್ಪ, ಮೇಷ್ಟ್ರು, ಹಿಂದೆ ನಿರ್ಮಲ ಬ್ಯಾಟರಿ ಹಿಡಿದು ಹತ್ತಿದರು. ಕೆಳಗೆ ಹುಡುಗಿಯರು ಚಂದ್ರಕ್ಕನಿಗೆ ಅಂಟಿಕೊಂಡು ನಿಂತರು. ಹಸಿರು ನೀರಿನ ಮೇಲೆ ಬೆಳಕು ಬಿದ್ದು ಒಂದು ಕಪ್ಪೆ ಹಾರಿತು. ಮೂರ್ತಪ್ಪ ಅಲ್ಲೇ ಬಿದ್ದಿದ್ದ ಉದ್ದನೆಯ ಗಳವನ್ನು ಇಳಿಸಿದ. ಅದು ಹೋಗುತ್ತಲೇ ಇತ್ತು. ತಳ ಸಿಗುವಾಗ ಬಂದ ಸಣ್ಣ ಸದ್ದಿಗೆ ನಿರ್ಮಲಳ ಹಲ್ಲು ಕಚ್ಚಿಕೊಂಡಿತು. ಇಲ್ಲಿಲ್ಲ, ಇಲ್ಲಿಲ್ಲ ಅವಳು. ಮೇಲಕ್ಕೆ ಯಾಕೆ ಬರುತ್ತಾಳೆ? ಸ್ವಾಮಿಗಿಂತ ಎತ್ತರಕ್ಕೆ ಹೋಗಿ ಕೂರುವಂತಿಲ್ಲ. ಗಾಳಿ ಪಡುವಣದಿಂದ ಬೀಸುತ್ತಿದೆ. ಅವಳನ್ನು ಸೋಕಿದ ಗಾಳಿ ಮಂಟಪದ ಮೇಲೆ ಹಾಯಬಾರದು. ಹಾಗಿದ್ದರೆ ಮೂಡಣ ಕಡೆಯ ಇಳಿಜಾರು, ದಾರಿಯಿಂದ ಆಚೆ, ಬೆನ್ನಿಗೊಂದು ಬಂಡೆ ಇರುವ ಕಡೆ. ಇಪ್ಪೆ ಮರಗಳಿರುವ ಕಡೆ.

“ಸಾರ್, ಕೆಳಗೆ ನೋಡಬಹುದಲ್ಲ?” ಎಂದಳು.

“ಕೆಳಗ್ಯಾಕ್ ಹೋಗ್ತಾಳೆ ಮೇಡಂ? ಏನಾರ ಹೇಳಿದ್ಲಾ ನಿಮ್ಗೆ?”

ಬ್ಯಾಟರಿಯ ಬೆಳಕು ಅವಳ ಮುಖದ ಮೇಲೆ ನಿಂತಿತು. ಅವಳು ಕಣ್ಣು ಕಿರಿದು ಮಾಡಿಕೊಂಡು, “ಇಲ್ಲ, ಸುಮ್ಮನೆ ಕೇಳಿದೆ” ಎಂದಳು. ಬೆಳಕು ನೀರಿಗೆ ಮರಳಿತು.

“ಗಳಕ್ಕೆ ಏನೋ ತಾಗತೈತೆ ಸಾರ್,” ಎಂದ ಮೂರ್ತಪ್ಪ. “ಮೆತ್ತಗೈತೆ. ಹೂಳಿದ್ರೂ ಇರಬೈದು. ನನಗೆ ಈಜು ಬರಾದಿಲ್ಲ.”

ಶಿವಕುಮಾರಪ್ಪನವರು ಅಂಗಿಯ ಗುಂಡಿ ಬಿಚ್ಚತೊಡಗಿದರು. ವಿಷಲ್ಲನ್ನು ಕೊರಳಿಂದ ತೆಗೆದು ನಿರ್ಮಲಳ ಕೈಗೆ ಕೊಟ್ಟರು. ಬೆಳ್ಳಗಿನ ಎದೆಗೂದಲು, ಜೋತ ಹೊಟ್ಟೆ, ಜನಿವಾರದಂತೆ ಕಾಣುತ್ತಿದ್ದ ಶಿವದಾರ. “ನಿಮಗೆ ಈಜು ಬರುತ್ತಾ ಸಾರ್?” ಎಂದು ಅವಳು ಕೇಳಿದ್ದು ಅವಳಿಗೇ ಕೇಳಿಸಲಿಲ್ಲ. “ಚಿಕ್ಕೋನಿದ್ದಾಗ ಬರ್ತಿತ್ತು,” ಎಂದರು ಅವರು ಧೋತರ ಕಟ್ಟುತ್ತಾ. “ಆ ಮಗೀನ ಅಪ್ಪ ಬಂದಿದ್ದ ಮೇಡಂ ಬಿಟ್ಟು ಹೋಗಾಕೆ. ಮೇಷ್ಟ್ರೇ, ನಿಮ್ ಮಗಳು ಅನ್ಕಂಡ್ ನೋಡ್ಕಳ್ರಿ ಅಂದಿದ್ದ.” ಒಂದು ಕಾಲನ್ನು ಪಾಚಿಯ ಮೆಟ್ಟಿಲ ಮೇಲಿಟ್ಟರು. ಕಾಲು ಜಾರಿತು, ಮೂರ್ತಪ್ಪ ತೋಳು ಹಿಡಿದ.

“ಇಳೀಬೇಡಿ ಸಾರ್! ನೀರಲ್ಲಿಲ್ಲ ಅವಳು. ನನಗೆ ಗೊತ್ತು. ನಾನು ತರ್ತೀನಿ. ಇಳೀಬೇಡಿ.”

ಹೇಗೆ ಗೊತ್ತೆಂದು ಅವರು ಕೇಳುವುದರೊಳಗೆ ತಿರುಗಿದ್ದಳು. ಹುಡುಗಿಯರನ್ನೂ ಒಲೆಯನ್ನೂ ದಾಟಿ, ಯಾರೋ ಮೇಡಂ ಎಂದು ಕೂಗಿದ್ದನ್ನೂ ದಾಟಿ, ಮೂಡಣ ಇಳಿಜಾರಿಗೆ ಬಿದ್ದಳು. ಶೂ ಬಂಡೆಯ ಮೇಲೆಯೇ ಉಳಿದಿದ್ದವು. ಬರಿಗಾಲಿಗೆ ಕಲ್ಲುಗಳು ಒಂದೊಂದಾಗಿ ಗುರುತು ಸಿಕ್ಕವು. ಈ ಸಲ ಅವಳು ಎಡವಲಿಲ್ಲ. ಕಾರೆ ಮುಳ್ಳು ಸೆರಗನ್ನು ಹಿಡಿದೆಳೆಯಿತು, ಹರಿದುಕೊಂಡು ಹೋದಳು. ಇಪ್ಪೆ ಹೂವಿನ ಹುಳಿಸಿಹಿ ವಾಸನೆ ದಟ್ಟವಾಗುತ್ತಾ ಬಂತು. ಮುಂದೆಲ್ಲೋ ಒಣಗಿದೆಲೆಯ ಮೇಲೆ ಭಾರವಾದದ್ದೇನೋ ಹೊರಳಿದಂತೆ ಆಯಿತು. ನಿಂತಳು. ತನ್ನ ಉಸಿರಿನ ಸದ್ದು ಬಿಟ್ಟು ಏನೂ ಕೇಳಿಸಲಿಲ್ಲ. ಕೈಯಲ್ಲಿ ಮೇಷ್ಟ್ರ ವಿಷಲ್ ಇತ್ತು. ಊದಿದರೆ ಕರಡಿ ಓಡಬಹುದು, ಅಥವಾ ಎರಗಬಹುದು. ಹಟ್ಟಿಯಲ್ಲಿ ಅವಳು ಬಾಗೆ ಮರದ ಕೆಳಗೆ ಹೊರಗೆ ಕೂತಿದ್ದ ರಾತ್ರಿಗಳಲ್ಲೊಮ್ಮೆ ಕಿರುಬ ಬಂದಿತ್ತು. ಅವ್ವ ಹಟ್ಟಿಯ ಬೇಲಿಯಂಚಿಗೆ ಬಂದು, ದಾಟದೆ, ಮುಟ್ಟದೆ, ಬೆಳಕು ಹರಿಯುವವರೆಗೂ ಮಾತಾಡುತ್ತಲೇ ಕೂತಿದ್ದಳು. ಯಾವ ಕುರಿ ಈಯಿತು, ಯಾರ ಮನೆಗೆ ಯಾರು ಬಂದರು, ಹೀಗೆ ಏನೇನೋ. ಅವ್ವ ಯಾಕೆ ದಾಟಲಿಲ್ಲ ಎಂದು ಎಷ್ಟೋ ವರ್ಷ ಸಿಟ್ಟಿತ್ತು. ಅವ್ವ ಬಂದಿದ್ದಳು ಎಂಬುದು ಇವತ್ತು ಈ ಹೂವಿನ ವಾಸನೆಯಲ್ಲಿ ನೆನಪಾಗುತ್ತಿದೆ.

“ಚಿತ್ತೀ,” ಎಂದಳು ಮೆಲ್ಲಗೆ. “ಎಲ್ಲಿದೀಯವ್ವ? ಮಾತಾಡು. ನಾನೊಬ್ಬಳೇ ಬಂದೀನಿ.”

ಎಡಗಡೆ, ಗೂಡಿನಂತೆ ಬಾಗಿದ ಬಂಡೆಯ ಕೆಳಗಿನಿಂದ ದನಿ ಬಂತು. “ಹತ್ರ ಬರಬ್ಯಾಡ್ರಿ ಮೇಡಂ. ನೀವು ಮ್ಯಾಲೆ ಹೋಗಬೇಕು.”

ಹುಡುಗಿ ಕಂಬಳಿಯಲ್ಲಿ ತಲೆಯವರೆಗೂ ಮುದುಡಿ ಕೂತಿದ್ದಳು. ಪಕ್ಕದಲ್ಲಿ ಕೈಗೆ ಸಿಗುವಂತೆ ಕಲ್ಲುಗಳನ್ನು ಗುಡ್ಡೆ ಹಾಕಿಕೊಂಡಿದ್ದಳು. ಬೆಳದಿಂಗಳು ಆಗಷ್ಟೇ ಏಳುತ್ತಿತ್ತು.

“ಆಗ್ಲೇ ಒಂದು ಬಂದಿತ್ತು ಮೇಡಂ. ಅಗೋ ಆ ಮರದ ತಾವ. ಹೂ ತಿಂತು. ನನ್ ಕಡೀಕೆ ನೋಡ್ತು. ನಾ ಉಸ್ರೇ ಬಿಡ್ಲಿಲ್ಲ.” ಅವಳ ಹಲ್ಲು ಕಟಕಟಿಸುತ್ತಿತ್ತು. “ಅದು ನನ್ನ ಹುಡಿಕ್ಕೊಂಡೇ ಬಂದಿದ್ದು. ನಾ ಹೊತ್ತ ನೀರ್ನಾಗೆ ಸ್ವಾಮೀನ ತೊಳದ್ರು. ಸ್ವಾಮೀನೇ ಕಳಿಸೈತೆ.”

“ಇಲ್ಲ ಕಣೆ. ಹೂವಿಗೆ ಬಂದಿದ್ದು ಅದು.”

“ನೀವು ದುರ್ಗದೋರು. ನಿಮಗೇನ್ ಗೊತ್ತಾಗ್ತೈತೆ ಬಿಡ್ರಿ.”

ಆ ಮಾತಿನಲ್ಲಿ ಚುಚ್ಚುವ ಉದ್ದೇಶವಿತ್ತೋ ಇಲ್ಲವೋ. ನಿರ್ಮಲ ಅಲ್ಲೇ, ಎರಡು ಮಾರಿನಷ್ಟು ದೂರ, ನೆಲಕ್ಕೆ ಕುಸಿದಳು. ಮೇಲೆ ಬ್ಯಾಟರಿಗಳು ಅಲ್ಲಾಡುತ್ತಿದ್ದವು. “ಮೇಡಂ! ಎಲ್ಲಿದ್ದೀರಿ? ಸಿಕ್ಕಿದ್ಲಾ?” ಮೇಷ್ಟ್ರ ದನಿ ಒಡೆದಿತ್ತು. ಬೆಳಕೊಂದು ಇಳಿಜಾರಿನ ಬಾಯಿಗೆ ಬಂತು. ಚಿತ್ತಮ್ಮ ಕಂಬಳಿಯೊಳಗೆ ಇನ್ನೂ ಸಣ್ಣದಾದಳು. “ಅವ್ರು ಬರಬಾರ್ದು ಮೇಡಂ. ಎಲ್ರೂ ನೋಡ್ತಾರೆ. ಅನಸೂಯಾನೂ ನೋಡ್ತಾಳೆ. ಬರಬ್ಯಾಡ ಅನ್ರಿ. ನಿಮ್ ಕಾಲಿಗೆ ಬೀಳ್ತೀನಿ.” ಇನ್ನೊಂದು ಗಳಿಗೆಗೆ ಅವರೆಲ್ಲ ಇಲ್ಲಿರುತ್ತಾರೆ, ಬೆಳಕು ಹಿಡಿಯುತ್ತಾರೆ, ಹಲ್ಲುಜ್ಜುತ್ತಾ ಬಂದು ಸುತ್ತ ನಿಲ್ಲುತ್ತಾರೆ. ನಾಳೆಯಿಂದ ಈ ಹುಡುಗಿಗೆ ಯಾವ ಹೆಸರು?

ನಿರ್ಮಲ ಎದ್ದು ಎರಡೂ ಕೈಯನ್ನು ಬಾಯಿಗೆ ಬೊಗಸೆ ಮಾಡಿ ಕೂಗಿದಳು. ವರ್ಷಗಳಿಂದ ಕೂಗದಿದ್ದ, ಒಂದು ಗುಡ್ಡದಿಂದ ಇನ್ನೊಂದಕ್ಕೆ ಮುಟ್ಟಿಸುವ ಉದ್ದನೆಯ ಕೂಗು. ಬೆಳಕು ತಟ್ಟನೆ ನಿಂತಿತು.

“ಸಿಕ್ಕೈತೆ ಸಾರ್! ಹುಡುಗಿ ಚೆಂದಾಗೈತೆ! ಯಾರೂ ಇಳೀಬ್ಯಾಡ್ರಿ!”

“ಯಾಕ್ರಿ ಮೇಡಂ? ಏನಾತು?”

ಉಸಿರು ಎಳೆದುಕೊಂಡಳು. ಮೇಲೆ ಎಲ್ಲರೂ ಇದ್ದಾರೆ. ಅನಸೂಯ, ಮೂರ್ತಪ್ಪ, ನಾಳೆ ಸ್ಟಾಫ್ ರೂಮಿನವರೆಗೂ ಹೋಗುವ ಎಲ್ಲ ಕಿವಿಗಳು.

“ನಾನು ಹೊರಗಾಗೀನಿ ಸಾರ್. ನಮ್ ಹಟ್ಟಿ ಕಡೆ ಹೊರಗೆ ಕುಂತ್ಕಂತೀವಿ. ನಂಗೆ ಜೊತೆಗೆ ಅಂತ ಈ ಮಗೀನ ಮುಂಚೇನೆ ಕಳ್ಸಿದ್ದೆ. ಹೇಳಾಕೆ ನಾಚ್ಕೆಯಾತು. ತಪ್ಪಾತು!”

ಗುಡ್ಡ ತಪ್ಪಾತು ಎಂದು ಹಿಂದಿರುಗಿಸಿತು. ಮೇಲೆ ಯಾರೂ ನಗಲಿಲ್ಲ, ಅಥವಾ ನಕ್ಕಿದ್ದು ಇಲ್ಲಿಗೆ ಕೇಳಿಸಲಿಲ್ಲ. ಆಮೇಲೆ ಮೇಷ್ಟ್ರ ದನಿ ಬಂತು. “ಆತು ಬಿಡ್ರಿ. ಬೆಂಕಿ ಕೊಟ್ಟು ಕಳಿಸ್ತೀನಿ. ಮೂರ್ತಪ್ಪ ಆ ತಿರುವ್ನಾಗೆ ಕುಂತಿರ್ತಾನೆ. ಹೆದರಬ್ಯಾಡ್ರಿ.” ಬೆಳಕು ಹಿಂದೆ ಸರಿಯಿತು. ನಾಲ್ಕನೇ ಸುಳ್ಳು, ಎಲ್ಲಕ್ಕಿಂತ ದೊಡ್ಡದು. ಹಟ್ಟಿಯದೊಂದು ಮಾತು ಮಾತ್ರ ಅದರಲ್ಲಿ ನಿಜ.

ಚಂದ್ರಕ್ಕ ಕೊಳ್ಳಿ, ತಟ್ಟೆ, ನೀರಿನ ಕ್ಯಾನು ಹೊತ್ತು ಇಳಿದು ಬಂದಳು. ದೂರದಲ್ಲೇ ಒಂದು ಚಪ್ಪಟೆ ಕಲ್ಲಿನ ಮೇಲೆ ಎಲ್ಲ ಇಟ್ಟು ಹಿಂದಕ್ಕೆ ಸರಿದು ಸೊಂಟಕ್ಕೆ ಕೈಕೊಟ್ಟಳು. “ಏನ್ರಮ್ಮ ಮೇಡಮ್ಮಾರೆ, ನಿಮಗೂ ಐತಾ ಈ ಶಾಸ್ತ್ರ? ನಾ ಏನೋ ಇಂಗ್ಲೀಷ್ ಹೆಣ್ಣುಮಗಳು ಅನ್ಕಂಡಿದ್ದೆ. ಮೇಷ್ಟ್ರು ನೋಡ್ರಿ, ಅಂಗಿ ಇಲ್ದೆ ಗಡಗಡ ನಡುಗ್ತಾ ಕುಂತವ್ರೆ. ಮೊದ್ಲೇ ಒಂದು ಮಾತು ಅಂದಿದ್ರೆ ಏನ್ ಗಂಟು ಹೋಗ್ತಿತ್ತು?” ಗೊಣಗುತ್ತಾ ಹತ್ತಿ ಹೋದಳು.

ನಿರ್ಮಲ ಕೊಳ್ಳಿಯನ್ನು ತಂದು ಊದಿ ಪುಳ್ಳೆ ಹಾಕಿದಳು. ಬೆಂಕಿ ಎದ್ದ ಮೇಲೆ ಚಿತ್ತಮ್ಮ ಕಂಬಳಿಯಿಂದ ಮುಖ ತೆಗೆದಳು.

“ಸುಳ್ಳು ಹೇಳಿದ್ರಿ.”

“ಹೂಂ.”

“ಯಾವ ಹಟ್ಟಿ ಮೇಡಂ?”

“ಬಾಗೇಮರದಟ್ಟಿ.” ಹೆಸರು ಬಾಯಲ್ಲಿ ಒಣಗಿದ ರೊಟ್ಟಿಯ ಹಾಗೆ ಸಿಕ್ಕಿಕೊಂಡು ಬಂತು. “ಹರಿಯಬ್ಬೆ ಕಡೆ.”

“ಅಯ್ಯ! ನಮ್ ದೊಡ್ಡವ್ವನ್ನ ಅಲ್ಲಿಗೇ ಕೊಟ್ಟಿರಾದು!” ಹುಡುಗಿಯ ಮುಖ ಅರಳಿ, ಕೂಡಲೇ ಮುದುಡಿತು. ಮೇಲಿನ ಮಂಟಪದ ಕಡೆ ನೋಡಿದಳು. “ನೀರಿನ ವಿಷ್ಯ ಹಟ್ಟಿಯೋರಿಗೆ ಹೇಳಬ್ಯಾಡ್ರಿ. ಸ್ವಾಮಿಗೆ ತಪ್ಪು ಕಾಣಿಕೆ ಕಟ್ಟು ಅಂತಾರೆ. ಸ್ಕೂಲು ಬಿಡಿಸ್ತಾರೆ.”

“ನೀನು ಹೊರಲಿಲ್ಲ. ನಾನು ಹೊರಿಸಿದೆ. ಏನಿದ್ರೂ ನನಗೆ ತಟ್ಟಲಿ.”

ಹೇಳಿದ ಮೇಲೆ, ಹಾಗಾದರೆ ತಟ್ಟುತ್ತದೆಂದು ತಾನೂ ನಂಬಿದಂತಾಯಿತಲ್ಲ ಎನ್ನಿಸಿತು. ಹಿಂದೆ ಎಲೆಗಳು ಸದ್ದು ಮಾಡಿದವು. ಇಬ್ಬರೂ ತಿರುಗಿ ನೋಡಿದರು. ಗಾಳಿ.

ನಿರ್ಮಲ ಕಲ್ಲಿನ ಮೇಲಿನ ತಟ್ಟೆಯನ್ನೂ ಕ್ಯಾನನ್ನೂ ತಂದು ನಡುವೆ ಇಟ್ಟಳು. ಹುಡುಗಿ ಉಪ್ಪಿಟ್ಟನ್ನು ನೋಡಲಿಲ್ಲ, ಕ್ಯಾನನ್ನೇ ನೋಡುತ್ತಿದ್ದಳು. ಮಧ್ಯಾಹ್ನದಿಂದ ಅವಳು ಒಂದು ಗುಟುಕು ನೀರು ಕುಡಿದಿಲ್ಲವೆಂಬುದು ಆಗ ನಿರ್ಮಲಳಿಗೆ ಹೊಳೆಯಿತು. ಅಷ್ಟೂ ನೀರನ್ನು ಬೆಟ್ಟಕ್ಕೆ ಹೊತ್ತವಳು. ಕ್ಯಾನನ್ನು ಎತ್ತಿ ಬಗ್ಗಿಸಿದಳು. ಚಿತ್ತಮ್ಮ ಬೊಗಸೆಯೊಡ್ಡಿ ಕುಡಿದಳು, ಕೆಮ್ಮಿದಳು, ಮತ್ತೆ ಕುಡಿದಳು, ನೀರು ಮೊಣಕೈಯಿಂದ ಸೋರಿ ಕಂಬಳಿಗೆ ಇಳಿಯಿತು. ಸಾಕು ಎಂದು ತಲೆಯಾಡಿಸಿ ಬಾಯೊರೆಸಿಕೊಂಡಳು.

ನಿರ್ಮಲ ಕ್ಯಾನನ್ನು ಹುಡುಗಿಯ ಮುಂದೆ ಇಟ್ಟು, ಮಂಡಿಯೂರಿ, ತನ್ನೆರಡು ಕೈ ಜೋಡಿಸಿ ಒಡ್ಡಿದಳು.

“ಈಗ ನೀನು ಹೊಯ್ಯಿ.”

ಚಿತ್ತಮ್ಮ ಬೆದರಿ ಕೈಗಳನ್ನು ಕಂಬಳಿಯೊಳಕ್ಕೆ ಎಳೆದುಕೊಂಡಳು. “ನೀವು ಖರೇನೇ ಹೊರಗಾಗಿಲ್ಲ ಮೇಡಂ. ನನ್ ಕೈಯಿಂದ ಬ್ಯಾಡ.”

“ಬಾಯಾರಿಕೆ ಆಗೈತೆ ಕಣವ್ವ. ಹೊಯ್ಯಿ.”

ಮೇಲೆ ಮಂಟಪದಲ್ಲಿ ಯಾರೋ ಹಾಡು ಶುರುಮಾಡಿ ನಿಲ್ಲಿಸಿದರು. ತಿರುವಿನಲ್ಲಿ ಮೂರ್ತಪ್ಪನ ಬೀಡಿ ಹೊತ್ತಿ ಆರುತ್ತಿತ್ತು. ಬೊಗಸೆ ಬೆಂಕಿಯ ಬೆಳಕಿನಲ್ಲಿ ಬರಿದಾಗಿ ಕಾಯುತ್ತಿತ್ತು. ತೋಳು ಸೋಲತೊಡಗಿದವು. ನಿರ್ಮಲ ಇಳಿಸಲಿಲ್ಲ. ತಲೆಯೆತ್ತಿ ನೋಡಲೂ ಇಲ್ಲ. ನೋಡಿದರೆ ಹುಡುಗಿ ಹೆದರುತ್ತಾಳೆ ಎನ್ನಿಸಿತು, ಅಥವಾ ತಾನು.

ಆಗ ಕಂಬಳಿ ಸರಿದ ಸದ್ದಾಯಿತು. ಕ್ಯಾನಿನ ಹಿಡಿ ಕಿರ್ರೆಂದಿತು.